ಬೆಂಗಳೂರನ್ನು ಸಿಂಗಪುರ ಮಾಡಲು ಹೊರಟವರಿಗೆ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧಿಕಾರಿಗಳಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಬೆಂಗಳೂರಿನ ಹೊಣೆ ಹೊತ್ತ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಹನುಮಂತನಗರದವನು. ಕೆಲಸದ ಮೇಲೆ ಕೆಲವು ವರ್ಷ ಸಿಂಗಪುರದಲ್ಲಿದ್ದೆ. ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೇನೆ. ಅಮ್ಮ, ಮನೆ, ಆ ಮನೆಯ ಆಸ್ತಿ ತೆರಿಗೆ ಮೂರೂ ಬೆಂಗಳೂರಿನಲ್ಲೇ ಇವೆ. ಆದ್ದರಿಂದ ಈ ಪತ್ರ ಬರೆಯುವ ಹಕ್ಕು ನನಗಿದೆ. 'ಹೊರಗೆ ಆರಾಮಾಗಿ ಕೂತು ನಮಗೆ ಬುದ್ಧಿ ಹೇಳ್ತಾನೆ' ಅಂತ ಕೆಲವರು ಅನ್ನಬಹುದು. ಅನ್ನಲಿ. ಆ ಮಾತನ್ನು ನಮ್ಮ ಮನೆಯಲ್ಲೇ ಬೇಕಾದಷ್ಟು ಕೇಳಿದ್ದೇನೆ.

ಎಸ್.ಎಂ. ಕೃಷ್ಣ ಅವರು 1999ರಲ್ಲಿ ಮುಖ್ಯಮಂತ್ರಿ ಆದ ಮೇಲೆ ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಜೋರಾಯಿತು. ಆಮೇಲೆ ಎಷ್ಟೋ ಸರ್ಕಾರ ಬಂದವು, ಹೋದವು. ಆ ಮಾತು ಮಾತ್ರ ಹಾಗೇ ಇದೆ. ಫುಟ್‌ಪಾತ್ ಎಲ್ಲಿ, ಬಸ್ ಎಲ್ಲಿ, ರಸ್ತೆ ದಾಟೋದು ಹೇಗೆ ಅಂತ ಯಾರಾದರೂ ಕೇಳಿದರೆ ಕಚೇರಿಗಳಲ್ಲಿ, ಟಿವಿ ಚರ್ಚೆಗಳಲ್ಲಿ ಸಿಗುವ ಉತ್ತರವೂ ಹಾಗೇ ಇದೆ. 'ಫಾರಿನ್ ಕಥೆ ಬೇರೆ ಸಾರ್. ಅಲ್ಲಿ ಜನ ಕಮ್ಮಿ. ನಮ್ಮಲ್ಲಿ ಜನ ಜಾಸ್ತಿ.'

ಈ 'ಜನ ಜಾಸ್ತಿ' ಬಗ್ಗೆಯೇ ನಾನು ಬರೆಯಬೇಕು ಅಂತ ಕೂತಿದ್ದು. ಜನ ಕಿಕ್ಕಿರಿದ ಊರಲ್ಲೂ ಇದ್ದೆ, ಜನ ಕಮ್ಮಿ ಇರುವ ಊರಲ್ಲೂ ಇದ್ದೇನೆ. ಎರಡೂ ಊರಿನ ಗಡಿಯಾರ ಒಂದೇ ಹೊತ್ತು ತೋರಿಸುತ್ತೆ. ನಡುವೆ ಐದು ಗಂಟೆಯ ವಿಮಾನ. ಬದುಕು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲು ಪರ್ತ್ ಬಗ್ಗೆ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಜನ ಕನಸು ಕಾಣೋದು ಇಂಥ ಊರಿನದ್ದೇ.

ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ಸ್ವಾನ್ ನದಿ, ನದಿಯಲ್ಲಿ ಕಪ್ಪು ಹಂಸ, ಊರ ನಡುವೆಯೇ 400 ಹೆಕ್ಟೇರಿನ ಕಿಂಗ್ಸ್ ಪಾರ್ಕ್. ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಸಮುದ್ರದಿಂದ ತಂಪು ಗಾಳಿ ಬೀಸುತ್ತೆ. ಇಲ್ಲಿನವರು ಅದನ್ನು ಫ್ರೀಮ್ಯಾಂಟಲ್ ಡಾಕ್ಟರ್ ಅಂತಾರೆ. ಹಾರ್ನ್ ಕೇಳಿಸೋದೇ ಅಪರೂಪ. ಶಾಲೆ ಮಕ್ಕಳೂ ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಬೆಂಗಳೂರಿಂದ ಬಂದ ನೆಂಟರು ಇದನ್ನೆಲ್ಲ ನೋಡಿ 'ಏನು ಶಿಸ್ತು!' ಅಂತ ತಲೆದೂಗುತ್ತಾರೆ. ಶಿಸ್ತು ಇದೆ ನಿಜ. ಅದಕ್ಕಿಂತ ಜಾಸ್ತಿ ಇರೋದು ಜಾಗ. 23 ಲಕ್ಷ ಚಿಲ್ಲರೆ ಜನ 6 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಹರಡಿಕೊಂಡಿದ್ದಾರೆ. ಸಮುದ್ರದ ಪಕ್ಕ ಉತ್ತರದಿಂದ ದಕ್ಷಿಣಕ್ಕೆ ಊರು ಸುಮಾರು 150 ಕಿಲೋಮೀಟರ್ ಉದ್ದ. ಅಂದರೆ ಬೆಂಗಳೂರಿಂದ ಮೈಸೂರಿನವರೆಗೂ ಒಂದೇ ಊರು, ಅದರಲ್ಲಿ ಬರೀ ಹೆಂಚಿನ ಮನೆ, ಮನೆ ಮುಂದೆ ಹುಲ್ಲು, ಹುಲ್ಲಿನ ಪಕ್ಕ ಎರಡು ಕಾರು. ಇಷ್ಟು ಜಾಗ ಇದ್ದರೆ ನಾವೂ ಹಾರ್ನ್ ಹೊಡೆಯಲ್ಲ ಬಿಡಿ.

ಈ ನೆಮ್ಮದಿಗೆ ಬೆಲೆಯೂ ಇದೆ. ಅಮ್ಮ ಇಲ್ಲಿಗೆ ಬಂದಾಗ ಅದು ಸರಿಯಾಗಿ ಗೊತ್ತಾಯಿತು. ಬೆಂಗಳೂರಲ್ಲಿ ಅವರು ಒಬ್ಬರೇ ಚೀಲ ಹಿಡಿದು ಗಾಂಧಿ ಬಜಾರಿಗೆ ಹೋಗಿ, ಅವರೆಕಾಯಿಯನ್ನು ಮೂಗಿನ ಹತ್ತಿರ ಹಿಡಿದು ಸೊಗಡು ನೋಡಿ, ಚೌಕಾಸಿ ಮಾಡಿ, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿಕೊಂಡು ಮನೆಗೆ ಬರುವವರು. ಪರ್ತ್‌ನಲ್ಲಿ ನಮ್ಮ ಬೀದಿಯ ಕೊನೆವರೆಗೂ ಹೋಗಿ ವಾಪಸ್ ಬಂದರು. 'ಮನೆಗಳೇನೋ ಇವೆ, ಜನ ಎಲ್ಲಿದ್ದಾರೋ?' ಅಂದರು. ಹತ್ತಿರದ ಅಂಗಡಿಗೆ ಹೋಗಬೇಕು ಅಂದರೂ ಕಾರು ಬೇಕು. ಭಾನುವಾರ ನಮ್ಮ ಬೀದಿಗೆ ಗಂಟೆಗೊಂದು ಬಸ್. ಅವರಿಗೆ ಕಾರು ಓಡಿಸಲು ಬರಲ್ಲ. ನಾನೋ ನನ್ನ ಹೆಂಡತಿಯೋ ಆಫೀಸಿಂದ ಬರುವವರೆಗೆ ಕಿಟಕಿ ಪಕ್ಕ ಕೂತು ಮ್ಯಾಗ್‌ಪೈ ಹಕ್ಕಿ ಕೂಗೋದು ಕೇಳುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ವಾಪಸ್ ಹೋಗುವ ಟಿಕೆಟ್ ಬೇಗದ ದಿನಕ್ಕೆ ಮಾಡಿಸು ಅಂತ ಶುರು ಮಾಡಿದರು.

ಇದೇ ಅಮ್ಮ ಸಿಂಗಪುರದಲ್ಲಿ ಹೀಗಿರಲಿಲ್ಲ. ನಾವಿದ್ದದ್ದು ಅಲ್ಲಿನ ಸರ್ಕಾರಿ ಗೃಹ ಮಂಡಳಿ, ಅಂದರೆ ಎಚ್‌ಡಿಬಿ ಕಟ್ಟಿದ ಬ್ಲಾಕಿನಲ್ಲಿ. ಅಲ್ಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಇಂಥ ಬ್ಲಾಕುಗಳಲ್ಲೇ ಇರೋದು. ಮೇಲೆ ಹತ್ತಾರು ಮಹಡಿ, ಕೆಳಗೆ ಗೋಡೆ ಕಟ್ಟಿ ಮುಚ್ಚದೆ ಇಡೀ ನೆಲ ಅಂತಸ್ತು ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ಕಲ್ಲಿನ ಮೇಜು, ಚದುರಂಗ ಆಡುವ ಚೀನೀ ತಾತಂದಿರು. ಒಂದು ದಿನ ಮಲಯ್ ಮದುವೆ, ಇನ್ನೊಂದು ದಿನ ಯಾರದ್ದೋ ಸಾವಿನ ಮನೆಯ ಪೂಜೆ. ಅಮ್ಮನಿಗೆ ಅಲ್ಲಿ ಭಾಷೆ ಒಂದೂ ಬರುತ್ತಿರಲಿಲ್ಲ. ಆದರೂ ಬಂದ ಕೆಲವೇ ದಿನಕ್ಕೆ ಒಬ್ಬರೇ ಕೆಳಗಿಳಿದು ಮಾರ್ಕೆಟಿಗೆ ಹೋಗಿ, ಬೆರಳು ತೋರಿಸಿ ತರಕಾರಿ ತಂದರು. ಕರಿಬೇವು, ಬಾಳೆ ಎಲೆ, ನುಗ್ಗೆಕಾಯಿ ಬೇಕಾದರೆ ಲಿಟ್ಲ್ ಇಂಡಿಯಾದ ಟೆಕ್ಕಾ ಮಾರ್ಕೆಟಿಗೆ ಬಸ್ಸಲ್ಲಿ ಹೋಗುತ್ತಿದ್ದರು. ಮಳೆ ಬಂದರೂ ತೊಂದರೆ ಇರಲಿಲ್ಲ, ಬ್ಲಾಕಿನಿಂದ ಬಸ್ ಸ್ಟಾಪಿನವರೆಗೂ ಚಾವಣಿ ಹಾಕಿದ ದಾರಿ. ರೈಲು ನಿಲ್ದಾಣದಿಂದ 400 ಮೀಟರ್ ಒಳಗಿನ ಶಾಲೆ, ಆಸ್ಪತ್ರೆಗಳಿಗೆಲ್ಲ ಇಂಥ ಚಾವಣಿ ದಾರಿ ಹಾಕಲು 2013ರಲ್ಲಿ ಒಂದು ಯೋಜನೆಯನ್ನೇ ಮಾಡಿದರು.

ಒಂದು ಸಣ್ಣ ವಿಷಯ ಹೇಳಬೇಕು. ಅಲ್ಲಿನ ಕೆಲವು ಸಿಗ್ನಲ್ ಕಂಬಗಳಲ್ಲಿ ಒಂದು ಪೆಟ್ಟಿಗೆ ಇರುತ್ತೆ. 60 ದಾಟಿದವರು ತಮ್ಮ ಬಸ್ ಪಾಸನ್ನು ಅದಕ್ಕೆ ತಾಗಿಸಿದರೆ ದಾಟುವ ಹಸಿರು ದೀಪ ಮಾಮೂಲಿಗಿಂತ 3ರಿಂದ 13 ಸೆಕೆಂಡು ಜಾಸ್ತಿ ಉರಿಯುತ್ತೆ. 2009ರಿಂದ ಇದೆ. ನಮ್ಮ ಬ್ಲಾಕಿನ ಒಬ್ಬ ಅಜ್ಜಿ ತಮ್ಮ ಕಾರ್ಡ್ ತಾಗಿಸಿ, ಮಂಡಿನೋವಿನ ಅಮ್ಮನ ಮೊಣಕೈ ಹಿಡಿದು ದಾಟಿಸುತ್ತಿದ್ದರು. ಆರು ಪಥದ ರಸ್ತೆ. ಬಸ್ಸು, ಲಾರಿ, ಬೆಂಜ್ ಕಾರು ಎಲ್ಲ ಸುಮ್ನೆ ನಿಂತು ಕಾಯುತ್ತಿದ್ದವು. ನಮ್ಮೂರಲ್ಲಿ ಅಮ್ಮ ರಸ್ತೆ ದಾಟೋದು ಕೈ ಎತ್ತಿಕೊಂಡು, ದೇವರ ಮೇಲೆ ಭಾರ ಹಾಕಿ.

ಸಿಂಗಪುರ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕಟ್ಟಡ ಕಟ್ಟುವ ತಮಿಳರು, ಬಾಂಗ್ಲಾದೇಶದವರು ಲಾರಿಯ ಹಿಂದೆ ಕೂತು ಕೆಲಸಕ್ಕೆ ಹೋಗುತ್ತಾರೆ. 2020ರಲ್ಲಿ ಕೋವಿಡ್ ಅವರ ವಸತಿಗೃಹಗಳಲ್ಲಿ ಹೇಗೆ ಹಬ್ಬಿತು ಅಂತ ಪ್ರಪಂಚವೇ ನೋಡಿತು. ಪರವಾನಗಿ ಇಲ್ಲದೆ ಒಬ್ಬನೇ ಒಂದು ಫಲಕ ಹಿಡಿದು ನಿಂತರೂ ಅಲ್ಲಿ ಕೇಸು ಬೀಳಬಹುದು. ಅದನ್ನೆಲ್ಲ ತಂದುಕೊಳ್ಳಿ ಅಂತ ಯಾರೂ ಕೇಳಲ್ಲ. ಆದರೆ 'ಜನ ಜಾಸ್ತಿ' ಅನ್ನುವ ನೆಪ ಆ ಊರಿನ ಮುಂದೆ ನಿಲ್ಲಲ್ಲ.

ಲೆಕ್ಕ ನೋಡಿ. ಸಿಂಗಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ನಮ್ಮ ಹಳೆಯ ಬಿಬಿಎಂಪಿ 700ರ ಮೇಲೆ ಸ್ವಲ್ಪ. ಹೆಚ್ಚು ಕಮ್ಮಿ ಒಂದೇ ಅಳತೆಯ ಜಾಗ. ಅಲ್ಲಿ ಜನ ಸುಮಾರು 60 ಲಕ್ಷ. ನಮ್ಮಲ್ಲಿ 2011ರ ಜನಗಣತಿಯಲ್ಲೇ 84 ಲಕ್ಷ, ಈಗ ಇನ್ನೂ ಜಾಸ್ತಿ. ಸರಿ, ನಮ್ಮ ಜನ ಜಾಸ್ತಿಯೇ. ಈಗ ವಾಹನ ಎಣಿಸಿ. ಅಲ್ಲಿ ಕಾರು, ಬೈಕು, ಲಾರಿ, ಬಸ್ಸು ಎಲ್ಲ ಸೇರಿ ಸುಮಾರು 10 ಲಕ್ಷ. ಬೆಂಗಳೂರಿನ ನೋಂದಣಿ ಕೋಟಿ ದಾಟಿ ಎಷ್ಟೋ ಕಾಲವಾಯಿತು. ಬಸ್ಸು? ಅಲ್ಲಿ 5 ಸಾವಿರಕ್ಕೂ ಜಾಸ್ತಿ. ನಮ್ಮ ಬಿಎಂಟಿಸಿಯಲ್ಲಿ 7 ಸಾವಿರದ ಆಸುಪಾಸು, ಅದೂ ಸಿಂಗಪುರದ ಎರಡರಷ್ಟು ಜನಕ್ಕೆ. ಅಂದರೆ ನಮ್ಮ ಜನ ಅವರ ಎರಡರಷ್ಟಾದರೆ, ಗಾಡಿ ಹತ್ತರಷ್ಟಕ್ಕೂ ಜಾಸ್ತಿ. ಕಮ್ಮಿ ಇರೋದು ಬಸ್ಸು.

'ಅವರದ್ದು ಶ್ರೀಮಂತ ದೇಶ, ಮೆಟ್ರೋ ಇದೆ, ಮಾಡ್ತಾರೆ' ಅಂತೀರಿ. ಇಲ್ಲೇ ನಿಮ್ಮ ಗಮನ ಬೇಕು. ಸಿಂಗಪುರದಲ್ಲಿ ಮೆಟ್ರೋ ಓಡಿದ್ದು 1987ರ ನವೆಂಬರಿನಲ್ಲಿ. ಕಾರಿಗೆ ಲಗಾಮು ಹಾಕಿದ್ದು 1975ರಲ್ಲಿ. ಹನ್ನೆರಡು ವರ್ಷ ಮುಂಚೆ. ಆಗ ಅದು ಇವತ್ತಿನ ಶ್ರೀಮಂತ ಊರೂ ಆಗಿರಲಿಲ್ಲ. ಹಲವು ಖಾಸಗಿ ಬಸ್ ಕಂಪನಿಗಳನ್ನು ಸೇರಿಸಿ ಒಂದು ಮಾಡಿ ಎರಡು ವರ್ಷ ಆಗಿತ್ತಷ್ಟೆ. 1974ರಲ್ಲಿ ಬಸ್ಸಿಗೆ ಬೇರೆ ಪಥ ಬಿಟ್ಟರು. ಮರುವರ್ಷ, ಬೆಳಗಿನ ಹೊತ್ತು ಪೇಟೆಯ ಒಳಗೆ ಬರುವ ಕಾರಿಗೆ ದಿನಕ್ಕೆ 3 ಡಾಲರ್ ಅಂತ ಹಾಕಿದರು. ನಾಲ್ಕು ಜನ ಒಟ್ಟಿಗೆ ಬಂದರೆ ಪುಕ್ಕಟೆ. ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ಗಾಜಿಗೆ ಅಂಟಿಸುವ ಒಂದು ಕಾಗದ, ಅದನ್ನು ಕಣ್ಣಲ್ಲೇ ನೋಡಿ ನಂಬರ್ ಬರೆದುಕೊಳ್ಳುವ ಕಾವಲಿನವರು. ಅಷ್ಟೇ. 1990ರಲ್ಲಿ ಕಾರು ಕೊಳ್ಳುವ ಹಕ್ಕನ್ನೇ ಹರಾಜಿಗಿಟ್ಟರು. ಸಿಒಇ ಅಂತ ಒಂದು ಪತ್ರ, ಅದಿಲ್ಲದೆ ಕಾರು ರಸ್ತೆಗೆ ಇಳಿಯುವಂತಿಲ್ಲ, ಅದರ ಆಯುಸ್ಸು ಹತ್ತು ವರ್ಷ. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರಿನ ಪತ್ರಕ್ಕೇ ಒಂದೂವರೆ ಲಕ್ಷ ಸಿಂಗಪುರ ಡಾಲರ್ ಆಗಿತ್ತು. ಕಾರಿನ ದುಡ್ಡು ಬೇರೆ! ನನ್ನ ಬಾಸ್ ದಿನಾ ಬಸ್ಸಲ್ಲಿ ಬರುತ್ತಿದ್ದರು. ಅದನ್ನು ಯಾರೂ ಸರಳತೆ ಅಂತ ಹೊಗಳುತ್ತಿರಲಿಲ್ಲ.

ಬೆಂಗಳೂರಲ್ಲಿ ಸಿಒಇ ತನ್ನಿ ಅಂತ ನಾನು ಕೇಳಲ್ಲ. ನಮ್ಮ ಗಾಡಿಗಳಲ್ಲಿ ಬಹುಪಾಲು ಬೈಕು, ಸ್ಕೂಟರು. ಬೊಮ್ಮನಹಳ್ಳಿಯಿಂದ ಪೀಣ್ಯಕ್ಕೆ ಪಾಳಿ ಕೆಲಸಕ್ಕೆ ಹೋಗುವ ಹುಡುಗ ಬೇರೆ ದಾರಿ ಇಲ್ಲದೆ ಸಾಲ ಮಾಡಿ ಬೈಕ್ ಕೊಂಡಿರುತ್ತಾನೆ. ಅವನ ಮೇಲೆ ತೆರಿಗೆ ಹಾಕಿದರೆ ಪಾಪ ಸುತ್ತಿಕೊಳ್ಳುತ್ತೆ. ನಾನು ಹೇಳೋದು ಕೆಲಸಗಳ ಸರದಿ ಬಗ್ಗೆ. ಅವರು ಮೊದಲು ಬಸ್ಸಿಗೆ ದಾರಿ ಬಿಟ್ಟರು, ಆಮೇಲೆ ಕಾರಿಗೆ ಬೆಲೆ ಇಟ್ಟರು, ಕೊನೆಗೆ ಮೆಟ್ರೋ ತಂದರು. ನಾವು 'ಮೆಟ್ರೋ ಪೂರ್ತಿ ಆಗಲಿ, ಆಮೇಲೆ ನೋಡೋಣ' ಅಂತ ಕೂತಿದ್ದೇವೆ. 2011ರಲ್ಲಿ ಮೊದಲ ರೈಲು ಓಡಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಂತು. ಪೂರ್ತಿ ಆಗೋದು ಯಾವಾಗ? ಅಷ್ಟರಲ್ಲಿ ಇನ್ನೆಷ್ಟು ಲಕ್ಷ ಕಾರು ಬರುತ್ತವೆ?

ನನಗೆ ಹೊಟ್ಟೆ ಉರಿಯೋದು ಇಲ್ಲಿ. ಬಾಯಲ್ಲಿ ಸಿಂಗಪುರ ಅನ್ನುತ್ತಾ ನಾವು ಕಟ್ಟುತ್ತಿರೋದು ಪರ್ತ್. ದೇವನಹಳ್ಳಿ ಆಚೆ, ಸರ್ಜಾಪುರದ ಆಚೆ ಬಡಾವಣೆ, ವಿಲ್ಲಾ, ಸುತ್ತ ಕಾಂಪೌಂಡು. ಹಾಲಿಗೂ ಕಾರು, ಶಾಲೆಗೂ ಕಾರು. ಆಮೇಲೆ ಆ ಕಾರುಗಳಿಗೆ ಮೇಲ್ಸೇತುವೆ. ಸಾಲದ್ದಕ್ಕೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಟೋಲ್ ರಸ್ತೆ, ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಪರ್ತ್‌ನಲ್ಲಿ ಹೀಗೆ ಬದುಕಬಹುದು, ಜಾಗ ಇದೆ. ಅಲ್ಲೂ ಅದು ಸಲೀಸಾಗಿ ನಡೆಯುತ್ತಿಲ್ಲ. ಊರು ಉದ್ದ ಆದ ಹಾಗೆಲ್ಲ ರೈಲನ್ನು ಎಳೆಯುತ್ತಲೇ ಇದ್ದಾರೆ. 2007ರಲ್ಲಿ ದಕ್ಷಿಣಕ್ಕೆ ಮ್ಯಾಂಡುರಾ, 2024ರಲ್ಲಿ ಉತ್ತರಕ್ಕೆ ಯಾಂಚೆಪ್. ಎಷ್ಟೋ ಸ್ಟೇಷನ್ನು ಹೆದ್ದಾರಿಯ ನಟ್ಟನಡುವೆ. ಇಳಿದರೆ ಎರಡೂ ಕಡೆ ಕಾರುಗಳ ಭರಾಟೆ, ಅಲ್ಲಿಂದ ಮತ್ತೆ ಬಸ್ಸು ಹಿಡಿದು ಮನೆಗೆ. ಇದು 23 ಲಕ್ಷ ಜನರ ಊರಿನ ಪಾಡು. ಕೋಟಿ ದಾಟಿದ ಊರಲ್ಲಿ ಇದನ್ನೇ ಮಾಡಿದರೆ ಸಿಂಗಪುರದ ಇಕ್ಕಟ್ಟು, ಪರ್ತ್‌ನ ದೂರ, ಎರಡೂ ನಮ್ಮ ತಲೆಗೇ.

'ಸಿಂಗಪುರದಲ್ಲೂ ಸುರಂಗ ರಸ್ತೆ ಇದೆಯಲ್ರೀ' ಅಂತ ಯಾರೋ ಹೇಳೇ ಹೇಳುತ್ತೀರಿ. ಇದೆ. 2008ರಲ್ಲಿ ತೆರೆದ 9 ಕಿಲೋಮೀಟರಿನ ಸುರಂಗದಲ್ಲಿ ನಾನೇ ಟ್ಯಾಕ್ಸಿಯಲ್ಲಿ ಓಡಾಡಿದ್ದೇನೆ. ಆದರೆ ಅಲ್ಲಿ ಮೊದಲು ಕಾರುಗಳ ಸಂಖ್ಯೆಗೆ ಗೆರೆ ಎಳೆದಿದ್ದಾರೆ. 2018ರಲ್ಲಿ ಕಾರುಗಳ ವಾರ್ಷಿಕ ಬೆಳವಣಿಗೆಯ ಮಿತಿಯನ್ನು ಸೊನ್ನೆಗೆ ಇಳಿಸಿದರು, ಹಳೆಯದೊಂದು ಹೋದರೆ ಹೊಸದೊಂದು ಅನ್ನುವ ಹಾಗೆ. ಈಗ ಕಟ್ಟುತ್ತಿರುವ ಉತ್ತರ-ದಕ್ಷಿಣ ಕಾರಿಡಾರ್ ಅನ್ನುವ ಹೊಸ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಇದೆ, ಸೈಕಲ್ಲಿಗೂ ದಾರಿ ಇದೆ. ನಮ್ಮ ಸುರಂಗದ ಚಿತ್ರಗಳಲ್ಲಿ ಬಸ್ಸನ್ನು ಹುಡುಕಿದೆ, ಕಾರೇ ಕಂಡಿತು.

ಬೆಂಗಳೂರಿಗೆ ಏನೂ ಬರಲ್ಲ ಅಂತಲೂ ಅಲ್ಲ. ಅದೇ ಬೇಜಾರು. ಚರ್ಚ್ ಸ್ಟ್ರೀಟಿನಲ್ಲಿ 2020ರ ಕೊನೆಯಲ್ಲಿ ವಾರಾಂತ್ಯಕ್ಕೆ ಗಾಡಿ ಬಿಡದೆ ನಡೆಯುವವರಿಗೇ ರಸ್ತೆ ಕೊಟ್ಟಿದ್ದಿರಿ. ಜನ ಸಂಸಾರ ಸಮೇತ ಬಂದರು. ಕೆಲವು ತಿಂಗಳಿಗೆ ಅದು ಮುಗಿಯಿತು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಒಂದು ಪಥ ಬಿಟ್ಟಿದ್ದಿರಿ. ಬಸ್ಸುಗಳು ಬೇಗ ಓಡಿದವು. ಆಮೇಲೆ ಕೋವಿಡ್ ಬಂತು, ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಕಾಮಗಾರಿಯಲ್ಲಿ ಜಾಗ ಸಾಲದು ಅಂದಾಗ ಕಾರಿನ ಪಥ ಯಾಕೆ ಹೋಗಲಿಲ್ಲ, ಬಸ್ಸಿನದ್ದೇ ಯಾಕೆ ಹೋಯಿತು? ಐವತ್ತು ಜನ ಕೂತ ಬಸ್ಸು ಹಿಂದೆ ನಿಂತಿರುತ್ತೆ, ಮುಂದೆ ಒಬ್ಬೊಬ್ಬರೇ ಕೂತ ಕಾರುಗಳು. ಮದುವೆ ಮನೆಯ ಪಂಕ್ತಿಯಲ್ಲಿ ಒಬ್ಬನೇ ನಾಲ್ಕು ಎಲೆ ಹಿಡಿದು ಕೂತರೆ ಬಡಿಸುವವರು ಎಬ್ಬಿಸಲ್ವಾ?

ನಿಲುಗಡೆಯೂ ಹಾಗೇ. ನಮ್ಮ ಹನುಮಂತನಗರದ ಬೀದಿಗಳಲ್ಲಿ ಎರಡೂ ಬದಿ ಕಾರು, ರಾತ್ರಿ ಹಗಲು, ಕವರ್ ಹೊದ್ದುಕೊಂಡು. ಒಂದು ಪೈಸೆ ಬಾಡಿಗೆ ಇಲ್ಲ. ಅದೇ ರಸ್ತೆ ಬದಿಯಲ್ಲಿ ಸೊಪ್ಪಿನ ಗಾಡಿ ನಿಲ್ಲಿಸುವವಳನ್ನು ದಿನಾ ಯಾರಾದರೂ ಬಂದು ಎಬ್ಬಿಸುತ್ತಾರೆ. ಜಪಾನಿನಲ್ಲಿ 1962ರಿಂದ ಕಾನೂನಿದೆ, ಕಾರಿಡಲು ಸ್ವಂತ ಜಾಗ ಇದೆ ಅಂತ ತೋರಿಸದೆ ಕಾರು ಕೊಳ್ಳುವಂತಿಲ್ಲ. ಪ್ರಪಂಚದಲ್ಲೇ ಅತಿ ದೊಡ್ಡ ಊರುಗಳಲ್ಲೊಂದಾದ ಟೋಕಿಯೋದ ಗಲ್ಲಿಗಳಲ್ಲಿ ಮಕ್ಕಳು ನಡೆದುಕೊಂಡೇ ಶಾಲೆಗೆ ಹೋಗೋದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಷಯ ಪರ್ತ್‌ನಿಂದಲೇ ಕಲಿಯಬೇಕು, ಸಿಂಗಪುರದಿಂದ ಅಲ್ಲ. ಪರ್ತ್ ಮಹಾನಗರದಲ್ಲಿ ಸುಮಾರು 30 ಸ್ಥಳೀಯ ಸಂಸ್ಥೆಗಳಿವೆ. ಎರಡು ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಅರ್ಧರ್ಧ ಸದಸ್ಯರಿಗೆ ಚುನಾವಣೆ. ತಪ್ಪಿದ್ದು ನಾನು ನೋಡಿಲ್ಲ. ಪ್ರತಿ ಸಾಮಾನ್ಯ ಸಭೆಯಲ್ಲೂ ಸಾರ್ವಜನಿಕರು ಪ್ರಶ್ನೆ ಕೇಳಲು ಹೊತ್ತು ಮೀಸಲಿಡಬೇಕು, ಕಾನೂನೇ ಹಾಗಿದೆ. ನಾನು ಹೋಗಿದ್ದ ಒಂದು ಸಭೆಯಲ್ಲಿ ಚಡ್ಡಿ ಹಾಕಿದ್ದ ಒಬ್ಬ ವಯಸ್ಸಾದವರು ಎದ್ದು ನಿಂತು, ತಮ್ಮ ಬೀದಿಯ ಮರದ ಕೊಂಬೆ ಕಡಿದ ವಿಚಾರವನ್ನು ಹಿಂಡಿ ಹಿಂಡಿ ಕೇಳಿದರು. ಅಧ್ಯಕ್ಷೆ ಉತ್ತರ ಕೊಟ್ಟರು. ಕೊಡದೆ ಇರುವಂತಿಲ್ಲ. ನಮ್ಮಲ್ಲಿ? ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ, ಒಂದು ಪಾಲಿಕೆ ಐದಾಯಿತು ಅಷ್ಟೆ. ಅಷ್ಟೂ ವರ್ಷ ಅಮ್ಮನ ಬೀದಿಯ ಮೋರಿ ಚಪ್ಪಡಿ ಮುರಿದರೆ ಹೇಳಲು ಕಾರ್ಪೊರೇಟರ್ ಅನ್ನುವವರೇ ಇರಲಿಲ್ಲ.

ಹಾಗಂತ ಬೆಂಗಳೂರನ್ನು ಅಳಿಸಿ ಹೊಸದಾಗಿ ಬರೆಯುವುದು ಬೇಡ. ನಿಂತೇ ಇಡ್ಲಿ ತಿಂದು, ಬೈಟು ಕಾಫಿ ಕುಡಿದು ಹತ್ತು ನಿಮಿಷಕ್ಕೆ ಹೊರಬರುವ ದರ್ಶಿನಿ, ಮೂಲೆಯ ಟೈಲರ್, ಮನೆ ಬಾಗಿಲಿಗೆ ಬರುವ ಹೂವಿನವರು, ಇಸ್ತ್ರಿಯವರು. ಇದೆಲ್ಲ ಜನ ಒತ್ತೊತ್ತಾಗಿ ಇರುವುದರಿಂದಲೇ ನಡೆಯೋದು. ಪರ್ತ್‌ನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಸಂಜೆಗೇ ಬಾಗಿಲು ಹಾಕುತ್ತವೆ. ಆಮೇಲೆ ನಮ್ಮ ಕಡೆ ಒಂದು ಕಾಫಿ ಸಿಗೋದೂ ಕಷ್ಟ. ರಸ್ತೆ ಅಗಲ ಮಾಡಲು ನೀವು ಮೊದಲು ಕಿತ್ತು ಹಾಕೋದು ಈ ದರ್ಶಿನಿಯ ಮೆಟ್ಟಿಲನ್ನೇ, ಆ ಟೈಲರಿನ ಶೀಟನ್ನೇ.

ಈಗ ನನ್ನ ಕೇಳಿಕೆ. ಸಿಂಗಪುರಕ್ಕೆ ಮುಂದಿನ ಅಧ್ಯಯನ ಪ್ರವಾಸ ಹೋಗುವಾಗ ಹೋಟೆಲಿನ ಕಾರು ಬೇಡ ಅನ್ನಿ. ಟೋವಾ ಪಾಯೋದಂಥ ಹಳೆಯ ಬಡಾವಣೆಗೆ ಬಸ್ಸಲ್ಲಿ ಹೋಗಿ, ಬೆಳಗಿನ ಎಂಟರ ಹೊತ್ತಿಗೆ ಒಂದು ಸಿಗ್ನಲ್ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಅದು ಆಗದಿದ್ದರೂ ಪರವಾಗಿಲ್ಲ. ಮೂರು ವಿಷಯಕ್ಕೆ ಬರಹದಲ್ಲಿ ಉತ್ತರ ಕೊಡಿ. ಹೊರವರ್ತುಲ ರಸ್ತೆಯ ಮೆಟ್ರೋ ಕಾಮಗಾರಿ ಮುಗಿದ ದಿನವೇ ಬಸ್ ಪಥ ವಾಪಸ್ ಬರುತ್ತಾ ಇಲ್ವಾ? ರಸ್ತೆ ಬದಿಯ ನಿಲುಗಡೆಗೆ ದುಡ್ಡು ಯಾವ ರಸ್ತೆಗಳಲ್ಲಿ, ಯಾವ ತಿಂಗಳಿಂದ? ಸುರಂಗಕ್ಕೆ ಎತ್ತಿಡುವ ಹಣದಲ್ಲಿ ಎಷ್ಟು ಬಸ್ಸು ಬರುತ್ತಿದ್ದವು, ಎಷ್ಟು ಕಿಲೋಮೀಟರ್ ಫುಟ್‌ಪಾತ್ ಆಗುತ್ತಿತ್ತು ಅಂತ ನಿಮ್ಮ ಎಂಜಿನಿಯರುಗಳು ಲೆಕ್ಕ ಹಾಕಿದ್ದಾರಾ? ಹಾಕಿದ್ದರೆ ಆ ಹಾಳೆಯನ್ನು ಪ್ರಕಟಿಸಿ. ಹಾಕಿಲ್ಲದಿದ್ದರೆ ಅದನ್ನಾದರೂ ಹೇಳಿ.

ಉತ್ತರವನ್ನು ಪರ್ತ್‌ಗೆ ಕಳಿಸುವುದು ಬೇಡ. ಆಸ್ತಿ ತೆರಿಗೆಯ ರಸೀದಿಯಲ್ಲಿರುವ ಹನುಮಂತನಗರದ ವಿಳಾಸಕ್ಕೇ ಕಳಿಸಿ. ಅಮ್ಮ ಓದಿ ಹೇಳುತ್ತಾರೆ.

ಇಂತಿ,
ಹನುಮಂತನಗರದ ಒಬ್ಬ ತೆರಿಗೆದಾರ